ಮೇಲ್ಮನವಿ (ಕೊಲೆ ಮತ್ತು ಸುಲಿಗೆ ಪ್ರಕರಣಗಳಲ್ಲಿ)

ಕೊಲೆ ಮತ್ತು ಸುಲಿಗೆಗಾಗಿ ಸೆಷನ್ಸ್ ನ್ಯಾಯಾಲಯ ನೀಡಿದ ತೀರ್ಪನ್ನು ಪ್ರಶ್ನಿಸಿ ಅಪರಾಧಿಯು ಹೈಕೋರ್ಟಿಗೆ ಸಲ್ಲಿಸುವ ಶಾಸನಬದ್ಧ ಮನವಿ. ಭಾರತದಲ್ಲಿ ಈ ಹಕ್ಕು 1973ರ ದಂಡ ಪ್ರಕ್ರಿಯಾ ಸಂಹಿತೆಯ 374ನೆಯ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 415ನೆಯ ಕಲಮಿನಲ್ಲಿದೆ. ಕಾಲಮಿತಿ ಮರಣದಂಡನೆಗೆ 30 ದಿನ, ಇತರ ಶಿಕ್ಷೆಗೆ 60 ದಿನ; ತಕ್ಕ ಕಾರಣವಿದ್ದರೆ ವಿಳಂಬ ಮನ್ನಾ ಆಗುತ್ತದೆ. ಸೆರೆಯಲ್ಲಿರುವವನು ಜೈಲಧಿಕಾರಿಯ ಮೂಲಕವೂ ಅರ್ಜಿ ಕಳಿಸಬಹುದು. ಮರಣದಂಡನೆಯನ್ನು ಮಾತ್ರ, ಮೇಲ್ಮನವಿ ಇರಲಿ ಬಿಡಲಿ, ಹೈಕೋರ್ಟು ದೃಢೀಕರಿಸಲೇಬೇಕು.

ವಿಚಾರಣೆಯಲ್ಲಿ ಸಾಕ್ಷ್ಯವೆಲ್ಲವೂ ಮರುಪರಿಶೀಲನೆಗೆ ಒಳಪಡುತ್ತದೆ. ಪ್ರತ್ಯಕ್ಷದರ್ಶಿಗಳು ವಿರಳವಾದ ಇಂಥ ಪ್ರಕರಣಗಳಲ್ಲಿ ವಾದ ಹೆಚ್ಚಾಗಿ ನಡೆಯುವುದು ಕಳವಾದ ಮಾಲಿನ ಜಪ್ತಿಯ ಸುತ್ತ: ಆರೋಪಿ ತೋರಿಸಿದನೆನ್ನಲಾದ ಸರ ಮೃತರದ್ದೇ ಎಂದು ಗುರುತಿಸಿದವರು ಯಾರು, ಮಹಜರಿಗೆ ಸಹಿ ಹಾಕಿದ ಪಂಚರು ಕಟಕಟೆಯಲ್ಲಿ ಏನೆಂದರು, ಘಟನೆಗೂ ಜಪ್ತಿಗೂ ನಡುವೆ ಎಷ್ಟು ದಿನ ಕಳೆದಿತ್ತು. ಪೊಲೀಸರ ಮುಂದಿನ ಹೇಳಿಕೆಯಲ್ಲಿ ಮಾಲು ಪತ್ತೆಗೆ ನೇರವಾಗಿ ಕಾರಣವಾದ ಭಾಗವಷ್ಟೇ ಸಾಕ್ಷ್ಯವಾಗುತ್ತದೆ. ಬೇರೆ ಆಧಾರವಿಲ್ಲದೆ, ಕದ್ದ ಒಡವೆ ಕೈಯಲ್ಲಿತ್ತೆಂಬ ಮಾತ್ರಕ್ಕೆ ಅವನೇ ಕೊಂದನೆಂದು ಊಹಿಸಲಾಗದು ಎಂದು ಸುಪ್ರೀಂ ಕೋರ್ಟು ರಾಜಸ್ಥಾನದ ಮಹಂತರೊಬ್ಬರ ಕೊಲೆ ಪ್ರಕರಣದಲ್ಲಿ 1950ರ ದಶಕದಲ್ಲೇ ಹೇಳಿತು. ಹೀಗಾಗಿ ಕೊಲೆಯ ಆರೋಪ ಬಿದ್ದುಹೋಗಿ ಕಳವಿನದು ಮಾತ್ರ ಉಳಿಯುವುದೂ ಉಂಟು. ಆದರೆ ಎರಡೂ ಒಂದೇ ಘಟನೆಯ ಭಾಗವೆಂದು ಸಾಬೀತಾದರೆ ಅದೇ ಜಪ್ತಿ ಆರೋಪಿಗೆ ಮುಳುವಾಗುತ್ತದೆ.

ಹೈಕೋರ್ಟು ಖುಲಾಸೆ ಮಾಡಬಹುದು, ಶಿಕ್ಷೆ ಇಳಿಸಬಹುದು, ಮರುವಿಚಾರಣೆಗೆ ಆದೇಶಿಸಬಹುದು. ಕರ್ನಾಟಕದಲ್ಲಿ ಈ ಮೇಲ್ಮನವಿಗಳ ವಿಚಾರಣೆಗಳು ಬೆಂಗಳೂರು, ಧಾರವಾಡ ಮತ್ತು ಕಲಬುರಗಿ ಪೀಠಗಳಲ್ಲಿ ನಡೆಯುತ್ತವೆ. ಮುಂದಿನ ಹಂತ ಸಂವಿಧಾನದ 134 ಅಥವಾ 136ನೆಯ ವಿಧಿಯಡಿ ಸುಪ್ರೀಂ ಕೋರ್ಟು.