ಔಷಧವಾಹಕ ಪಾಲಿಮರುಗಳು: ಒಂದು ಚಾರಿತ್ರಿಕ ವಿವೇಚನೆ

ಔಷಧವನ್ನು ಹೊತ್ತೊಯ್ಯುವ ಕೃತಕ ಪಾಲಿಮರುಗಳ ಚರಿತ್ರೆಯನ್ನು 1975ರಿಂದ ಪ್ರಾರಂಭಿಸುವುದು ವಾಡಿಕೆಯಾಗಿದೆ. ಜರ್ಮನಿಯ ಹೆಲ್ಮುಟ್ ರಿಂಗ್ಸ್‌ಡಾರ್ಫರು ಆ ವರ್ಷ ಪ್ರಕಟಿಸಿದ ಒಂದು ರೇಖಾಚಿತ್ರವೇ ಇದಕ್ಕೆ ಕಾರಣ. ಉದ್ದವಾದ ಅಣುಸರಪಣಿ, ಅದಕ್ಕೆ ಕೊಂಡಿಯ ಮೂಲಕ ಜೋಡಿಸಿದ ಔಷಧ, ಸರಪಣಿಯನ್ನು ನೀರಿನಲ್ಲಿ ಕರಗಿಸುವ ಒಂದು ಭಾಗ, ಗುರಿಯತ್ತ ಒಯ್ಯುವ ಮತ್ತೊಂದು ಭಾಗ: ಇಷ್ಟೇ ಆ ಚಿತ್ರ. ಅದರ ಪ್ರಭಾವ ಅಲ್ಪವಾದುದಲ್ಲ. ಆದರೆ ಅಲ್ಲಿಂದಲೇ ಆರಂಭಿಸಿದಲ್ಲಿ, ಹೊರೆಯನ್ನು ಇಳಿಸಿದ ಮೇಲೆ ವಾಹಕವು ಎಲ್ಲಿಗೆ ಹೋಗತಕ್ಕದ್ದು ಎಂಬ ಪ್ರಶ್ನೆ ಮರೆಗೆ ಸರಿಯುವುದು. ನನ್ನ ಮಟ್ಟಿಗೆ ಈ ಚರಿತ್ರೆಯ ತಿರುಳೇ ಆ ಪ್ರಶ್ನೆ. ಅದರ ಮೂಲವಿರುವುದು ಎರಡನೆಯ ಮಹಾಯುದ್ಧದ ಕಾಲದಲ್ಲಿ.

1930ರ ದಶಕದ ಕೊನೆಯಲ್ಲಿ ಐ.ಜಿ. ಫಾರ್ಬೆನ್ ಸಂಸ್ಥೆಯ ವಾಲ್ಟರ್ ರೆಪ್ಪೆಯವರು ಅಸಿಟಿಲೀನ್ ರಸಾಯನದ ಸಂಶೋಧನೆಯಿಂದ ಪಾಲಿವಿನೈಲ್‌ಪಿರೊಲಿಡೋನ್ ಎಂಬ ಪಾಲಿಮರನ್ನು ಪಡೆದರು. ಯುದ್ಧದಲ್ಲಿ ರಕ್ತ ಕಳೆದುಕೊಂಡ ಜರ್ಮನ್ ಸೈನಿಕರಿಗೆ ಪ್ಲಾಸ್ಮಾಕ್ಕೆ ಬದಲಾಗಿ ಇದರ ದ್ರಾವಣವನ್ನು 'ಪೆರಿಸ್ಟನ್' ಎಂಬ ಹೆಸರಿನಲ್ಲಿ ಕೊಡಲಾಯಿತು. ಅಣುಗಳು ದೊಡ್ಡವಾದುದರಿಂದಲೇ ಅವು ರಕ್ತನಾಳಗಳಲ್ಲಿ ನಿಂತು ನೀರನ್ನು ಹಿಡಿದಿಡುತ್ತಿದ್ದವು. ಅವುಗಳಲ್ಲಿ ಅತಿ ದೊಡ್ಡವು ಮೂತ್ರಪಿಂಡಗಳ ಜರಡಿಯನ್ನು ದಾಟಲಾರದೆ ದೇಹದಲ್ಲಿಯೇ ಶೇಖರವಾದವು. ಉಪಕಾರಕ್ಕೂ ಅಪಕಾರಕ್ಕೂ ಕಾರಣವಾದುದು ಒಂದೇ ಗುಣ.

1955ರಲ್ಲಿ ಹೋರ್ಸ್ಟ್ ಯಾಟ್ಸ್‌ಕೆವಿಟ್ಸರು ಇದೇ ಪಾಲಿಮರಿಗೆ ಮೆಸ್ಕಲೀನ್ ಎಂಬ ದ್ರವ್ಯವನ್ನು, ಎರಡು ಅಮೈನೋ ಆಮ್ಲಗಳ ಕೊಂಡಿಯ ಮೂಲಕ ಬಂಧಿಸಿದರು. ಔಷಧವು ದೇಹದಲ್ಲಿ ಬಹುಕಾಲ ನಿಂತು ನಿಧಾನವಾಗಿ ಬಿಡುಗಡೆಯಾಗಬೇಕೆಂಬುದು ಅವರ ಉದ್ದೇಶ. ರಿಂಗ್ಸ್‌ಡಾರ್ಫರ ಚಿತ್ರದ ಮುಖ್ಯಾಂಶಗಳು ಇಪ್ಪತ್ತು ವರ್ಷ ಮೊದಲೇ ಇಲ್ಲಿ ಕಾಣಿಸಿಕೊಂಡಿರುವುದನ್ನು ಗಮನಿಸಬೇಕು. ಮುಂದೆ ಪ್ರಾಗ್ ನಗರದಲ್ಲಿ ಯಿಂದ್ರಿಖ್ ಕೊಪೆಚೆಕ್ ಮತ್ತು ಸಹೋದ್ಯೋಗಿಗಳು ರೂಪಿಸಿದ ಎಚ್.ಪಿ.ಎಂ.ಎ. ಎಂಬ ಪಾಲಿಮರು ಸಹ ಮೊದಲು ಪ್ಲಾಸ್ಮಾದ ಬದಲಿಯಾಗಿ ಯೋಚಿಸಲ್ಪಟ್ಟದ್ದೇ. ಅದರ ಬೆನ್ನೆಲುಬು ದೇಹದಲ್ಲಿ ಒಡೆಯದು. ಆದಕಾರಣ ಸರಪಣಿಯನ್ನು ಮೂತ್ರಪಿಂಡ ದಾಟುವಷ್ಟು ಚಿಕ್ಕದಾಗಿ ಇಡಬೇಕಾಯಿತು.

ಅಮೆರಿಕದಲ್ಲಿ ಮಾರ್ಗ ಬೇರೆಯಾಗಿತ್ತು. ಸಿಲಿಕೋನ್ ರಬ್ಬರಿನ ಕೋಶದೊಳಗಿಂದ ಔಷಧ ಮೆಲ್ಲಮೆಲ್ಲನೆ ಒಸರುವುದನ್ನು ಜೂಡಾ ಫೋಕ್‌ಮನ್ ಮತ್ತು ಡೇವಿಡ್ ಲಾಂಗರು 1964ರಲ್ಲಿ ವರದಿ ಮಾಡಿದರು. 1983ರಲ್ಲಿ ಫಿನ್‌ಲೆಂಡಿನಲ್ಲಿ ಮೊದಲ ಮನ್ನಣೆ ಪಡೆದ 'ನಾರ್‌ಪ್ಲಾಂಟ್' ಈ ತತ್ತ್ವದ ಫಲ. ಗರ್ಭನಿರೋಧಕ ಹಾರ್ಮೋನು ತುಂಬಿದ ಆರು ಕೋಶಗಳನ್ನು ಸ್ತ್ರೀಯರ ತೋಳಿನ ಚರ್ಮದಡಿ ಇರಿಸಿದರೆ ಐದು ವರ್ಷ ಕೆಲಸ ಮಾಡುತ್ತಿದ್ದವು. ಸಿಲಿಕೋನ್ ಕರಗದು; ಕೋಶಗಳನ್ನು ಕೊಯ್ದೇ ತೆಗೆಯಬೇಕು. ಹಾಕಿದಷ್ಟು ಸುಲಭವಾಗಿ ಅವನ್ನು ತೆಗೆಯಲಾಗಲಿಲ್ಲವೆಂದು ಅಮೆರಿಕದ ಅನೇಕ ಸ್ತ್ರೀಯರು 1990ರ ದಶಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ವಾಹಕದ ನಿರ್ಗಮನವನ್ನು ಕುರಿತ ಪ್ರಶ್ನೆ ಕೇವಲ ರಸಾಯನಜ್ಞರದಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಉತ್ತರದ ಒಂದು ಭಾಗ ಶಸ್ತ್ರವೈದ್ಯರ ಹೊಲಿಗೆಯ ದಾರದಿಂದ ಬಂದಿತು. ದೇಹದಲ್ಲಿ ತಾನೇ ಕರಗುವ ಗ್ಲೈಕಾಲಿಕ್ ಮತ್ತು ಲ್ಯಾಕ್ಟಿಕ್ ಆಮ್ಲಗಳ ಪಾಲಿಮರುಗಳು 1970ರ ದಶಕದಲ್ಲಿ ಹೊಲಿಗೆಗೆ ಬಳಕೆಯಾದವು. ಅದೇ ಬಗೆಯ ಪಾಲಿಮರಿನ ಸೂಕ್ಷ್ಮ ಗೋಲಗಳಲ್ಲಿ ಲ್ಯುಪ್ರೋಲೈಡನ್ನು ಅಡಗಿಸಿದ, ತಿಂಗಳಿಗೊಮ್ಮೆ ಚುಚ್ಚುವ ಔಷಧಕ್ಕೆ 1989ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಜೀನುಗಳ ವಿಷಯದಲ್ಲಿ ಹಳೆಯ ತೊಡಕೇ ಮರುಕಳಿಸಿತು. 1995ರಲ್ಲಿ ಸ್ಟ್ರಾಸ್‌ಬೂರ್ಗಿನ ಜಾನ್-ಪಾಲ್ ಬೇರ್ ಅವರ ತಂಡವು, ಕಾಗದದ ಕೈಗಾರಿಕೆಯಲ್ಲಿ ಪರಿಚಿತವಾಗಿದ್ದ ಪಾಲಿಎಥಿಲೀನ್‌ಇಮೈನ್ ಡಿ.ಎನ್.ಎ.ಯನ್ನು ಜೀವಕೋಶದೊಳಗೆ ಸೇರಿಸಬಲ್ಲುದೆಂದು ತೋರಿಸಿತು. ಇದರ ಧನ ವಿದ್ಯುದಂಶ ಡಿ.ಎನ್.ಎ.ಯ ಋಣಾಂಶವನ್ನು ಅಪ್ಪಿಕೊಳ್ಳುತ್ತದೆ. ಸರಪಣಿ ದೊಡ್ಡದಾದಷ್ಟೂ ಕಾರ್ಯಶಕ್ತಿ ಹೆಚ್ಚು, ವಿಷವೂ ಹೆಚ್ಚು. 1999ರಲ್ಲಿ ಫಿಲಡೆಲ್ಫಿಯದಲ್ಲಿ ವೈರಸ್ ವಾಹಕದ ಪ್ರಯೋಗಕ್ಕೊಳಗಾದ 18 ವರ್ಷದ ಜೆಸ್ಸಿ ಗೆಲ್ಸಿಂಗರ್ ಮೃತನಾದ ಮೇಲೆ ವೈರಸ್ ರಹಿತ ವಾಹಕಗಳ ಅಗತ್ಯ ಇನ್ನಷ್ಟು ಮನವರಿಕೆಯಾಯಿತು. 2000ದಲ್ಲಿ ಡೇವಿಡ್ ಲಿನ್ ಮತ್ತು ರಾಬರ್ಟ್ ಲ್ಯಾಂಗರರು ಡಿ.ಎನ್.ಎ.ಯನ್ನು ಬಂಧಿಸಿಯೂ ಕ್ರಮೇಣ ಒಡೆದುಹೋಗುವ ಪಾಲಿಮರುಗಳನ್ನು ಪ್ರಕಟಿಸಿದರು.

ಪಾಲಿಎಥಿಲೀನ್ ಗ್ಲೈಕಾಲಿನ ವೃತ್ತಾಂತ ಮಾತ್ರ ಈ ಸಾಲಿಗೆ ಸರಿಯಾಗಿ ಹೊಂದದು. 1977ರಲ್ಲಿ ಫ್ರಾಂಕ್ ಡೇವಿಸರ ತಂಡವು ಪ್ರೋಟೀನುಗಳನ್ನು ದೇಹದ ರಕ್ಷಣಾವ್ಯವಸ್ಥೆಯ ಕಣ್ಣಿನಿಂದ ಮರೆಸಲೆಂದೇ ಇದನ್ನು ಅವುಗಳಿಗೆ ತೊಡಿಸಿತು. 2010ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ, ಸಂಧಿವಾತದ ಒಂದು ಬಗೆಗೆ ಕೊಡುವ ಪೆಗ್ಲೋಟಿಕೇಸಿನಲ್ಲಿಯೂ ಅದೇ ಹೊದಿಕೆಯಿದೆ. ಅನೇಕ ರೋಗಿಗಳ ದೇಹವು ಆ ಹೊದಿಕೆಯ ವಿರುದ್ಧವೇ ಪ್ರತಿಕಾಯಗಳನ್ನು ಹುಟ್ಟಿಸಿತು. ಅಂಥವರಲ್ಲಿ ಔಷಧ ನಿಷ್ಫಲವಾಯಿತು.