ದೆಹಲಿಯಲ್ಲಿ ಶ್ವಾಸವೈದ್ಯದ ವಿದ್ಯಾಭ್ಯಾಸ

ಮೈಸೂರಿನ ಜನಕ್ಕೆ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆರೋಗ್ಯಧಾಮವು ಯಾವ ಭಯವನ್ನೂ ಯಾವ ಭರವಸೆಯನ್ನೂ ಒಮ್ಮೆಗೇ ತರುತ್ತಿದ್ದಿತೋ, ದೆಹಲಿಯವರಿಗೆ ಕಿಂಗ್ಸ್‌ವೇ ಕ್ಯಾಂಪಿನಲ್ಲಿ 1935ರಲ್ಲಿ ಸ್ಥಾಪಿತವಾದ ಸಿಲ್ವರ್ ಜ್ಯುಬಿಲಿ ಆಸ್ಪತ್ರೆಯೂ ಅದನ್ನೇ ತರುತ್ತಿದ್ದಿತು. ಎದೆಯ ವೈದ್ಯನೆಂದರೆ ಅಂದು ಕ್ಷಯದ ವೈದ್ಯನೇ ಸರಿ. ಅವನು ಕಲಿಯಬೇಕಾದುದೆಲ್ಲವೂ ನಿರ್ಮಲವಾದ ಗಾಳಿ, ದೀರ್ಘವಿಶ್ರಾಂತಿ, ಪುಷ್ಟಿಕರವಾದ ಆಹಾರ, ಎದೆಗೂಡಿಗೆ ಗಾಳಿ ತುಂಬಿ ರೋಗಗ್ರಸ್ತವಾದ ಶ್ವಾಸಕೋಶವನ್ನು ಕುಗ್ಗಿಸುವ ವಿಧಾನ ಇವುಗಳಲ್ಲಿ ಮುಗಿಯುತ್ತಿದ್ದಿತು. 1940ರಲ್ಲಿ ಹೊಸದೆಹಲಿಯಲ್ಲಿ ಆರಂಭವಾದ ಮಾದರಿ ಚಿಕಿತ್ಸಾಲಯವು ಹಾಸಿಗೆ ದೊರೆಯದ ಬಡರೋಗಿಗೆ ಮನೆಯಲ್ಲಿಯೇ ಚಿಕಿತ್ಸೆ ನೀಡುವ ಕ್ರಮವನ್ನು ರೂಪಿಸಿ, ವೈದ್ಯನನ್ನು ಗಲ್ಲಿಗಳೊಳಗೆ ಕರೆತಂದಿತು.

ಈ ಸಂಕುಚಿತ ವಿದ್ಯೆಯನ್ನು ಪೂರ್ಣಶಾಸ್ತ್ರವಾಗಿ ಬೆಳೆಸಬೇಕೆಂಬ ಸಂಕಲ್ಪದಿಂದ ದುಡಿದವರು ಡಾಕ್ಟರ್ ರಾಮನ್ ವಿಶ್ವನಾಥನ್. ದೆಹಲಿ ವಿಶ್ವವಿದ್ಯಾನಿಲಯದ ಆವರಣದಲ್ಲಿ 1949ರಲ್ಲಿ ಆರೋಗ್ಯಮಂತ್ರಿಣಿ ರಾಜಕುಮಾರಿ ಅಮೃತ್ ಕೌರ್ ಅವರಿಂದ ಶಂಕುಸ್ಥಾಪನೆಗೊಂಡು, 1953ರಲ್ಲಿ ಉದ್ಘಾಟಿತವಾದ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟಿನಲ್ಲಿ, ರೋಗಿಯ ಹಾಸಿಗೆಯೂ ಪ್ರಯೋಗಶಾಲೆಯೂ ಒಂದಕ್ಕೊಂದು ಸಮೀಪವಾಗಿರಬೇಕೆಂಬುದು ಅವರ ಆಗ್ರಹವಾಗಿದ್ದಿತು. ಅವರ ದೃಷ್ಟಿಯ ವಿಸ್ತಾರಕ್ಕೆ ಬೇರೊಂದು ಸಾಕ್ಷಿಯೂ ಉಂಟು: 1955–56ರಲ್ಲಿ ಮಲಿನವಾದ ಯಮುನೆಯ ನೀರಿನಿಂದ ದೆಹಲಿಯಲ್ಲಿ ಕಾಮಾಲೆ ಹಬ್ಬಿದಾಗ ಅದರ ಬೆನ್ನು ಹಿಡಿದು ಶೋಧಿಸಿ ಬರೆದವರು ಈ ಎದೆಯ ವೈದ್ಯರೇ. ಅವರ ತರುವಾಯ 1964ರಲ್ಲಿ ನಿರ್ದೇಶಕರಾದ ಅವತಾರ್ ಸಿಂಗ್ ಪೈಂಟಾಲ್ ಅವರು ಶ್ವಾಸಕೋಶದ ಸೂಕ್ಷ್ಮರಕ್ತನಾಳಗಳ ಬಳಿಯಲ್ಲಿ ರಕ್ತ ತುಂಬಿಕೊಂಡಾಗ ಮಿಡಿಯುವ ನರತುದಿಗಳನ್ನು ಕಂಡುಹಿಡಿದು, ಏದುಸಿರು ಏಕೆ ಬರುವುದೆಂಬ ಪ್ರಶ್ನೆಗೆ ಹೊಸ ಬೆಳಕು ಚೆಲ್ಲಿದರು; 1981ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ದೆಹಲಿಯ ಈ ಪರಂಪರೆಯಲ್ಲಿ ನನಗೆ ಅತ್ಯಂತ ಗೌರವವೆನಿಸುವ ಅಧ್ಯಾಯವಿದು.

ಇಂದು ಶ್ವಾಸವೈದ್ಯದೊಡನೆ ಬೆಸೆದುಕೊಂಡಿರುವ ತೀವ್ರನಿಗಾ ವಿದ್ಯೆಯ ಮೂಲವಾದರೋ ಬೇರೆ. 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ವ್ಯಾಪಿಸಿದಾಗ, ಅರಿವಳಿಕೆಯ ವೈದ್ಯ ಬ್ಯೋರ್ನ್ ಇಬ್ಸೆನ್ನರ ಸಲಹೆಯಂತೆ, ವೈದ್ಯವಿದ್ಯಾರ್ಥಿಗಳು ಸರದಿಯ ಮೇಲೆ ಕುಳಿತು, ರೋಗಿಗಳ ಗಂಟಲಿನ ನಳಿಕೆಗೆ ಹೊಂದಿಸಿದ ಚೀಲವನ್ನು ಕೈಯಿಂದ ಒತ್ತಿ ಉಸಿರು ನೀಡಿದರು. ಹೀಗೆ ಅರಿವಳಿಕೆಯವರಿಂದ ಬೆಳೆದ ಕಲೆಯೂ, ಸ್ಟ್ರೆಪ್ಟೊಮೈಸಿನ್ ಮತ್ತು ಐಸೊನಯಝಿಡ್‌ಗಳ ಆಗಮನದಿಂದ ಆರೋಗ್ಯಧಾಮಗಳ ಬಂಧನ ಕಳಚಿಕೊಂಡ ಎದೆಯ ವೈದ್ಯವೂ, ವೆಂಟಿಲೇಟರಿನ ಬಳಿಯಲ್ಲಿ ಪರಸ್ಪರ ಸಂಧಿಸಿದುವು. ಚಂಡೀಗಢದ ಸ್ನಾತಕೋತ್ತರ ಸಂಸ್ಥೆಯಲ್ಲಿ ಇವೆರಡನ್ನೂ ಬೆಸೆದ ಡಿ.ಎಂ. ಪದವಿ ಮೊದಲಾಗಿ, ಅಲ್ಲಿ ಕಲಿತ ರಣದೀಪ್ ಗುಲೇರಿಯಾ ಅವರು ದೆಹಲಿಯ ಏಮ್ಸ್‌ನಲ್ಲಿ ಶ್ವಾಸರೋಗ ವಿಭಾಗವನ್ನು ಬೆಳೆಸಿದರು; ಮುಂದೆ ಆ ಸಂಸ್ಥೆಯ ನಿರ್ದೇಶಕರೂ ಆದರು. 1975ರಲ್ಲಿ ಆರಂಭವಾದ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಮೂಲಕ ದೆಹಲಿ ಮತ್ತು ಗುರುಗ್ರಾಮಗಳ ಖಾಸಗಿ ಆಸ್ಪತ್ರೆಗಳೂ ಈ ಶಿಕ್ಷಣದಲ್ಲಿ ಪಾಲುಗೊಂಡುವು.

ನವೆಂಬರಿನ ದಟ್ಟ ಹೊಗೆಮಂಜಿನಲ್ಲಿ ಉಬ್ಬಸದವರು ಆಸ್ಪತ್ರೆಗೆ ಮುಗಿಬೀಳುವ ಈ ನಗರದಲ್ಲಿ, ಯಂತ್ರದ ಅಂಕೆಗಳನ್ನು ಓದಬಲ್ಲ ತಜ್ಞನು ಅತ್ಯವಶ್ಯನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವನ ಅಭ್ಯಾಸವೆಲ್ಲ ಮುಚ್ಚಿದ ನಿಗಾಘಟಕದೊಳಗೇ ಕಳೆದುಹೋಗಬಾರದು. ಪಠ್ಯಕ್ರಮವನ್ನು ನಿರ್ಣಯಿಸುವ ಹಿರಿಯರಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ಪ್ರತಿಯೊಬ್ಬ ಶಿಕ್ಷಾರ್ಥಿಯನ್ನೂ ಕೆಲವು ತಿಂಗಳ ಕಾಲವಾದರೂ ಬಡಾವಣೆಗಳ ಕ್ಷಯ ಚಿಕಿತ್ಸಾಲಯಗಳಿಗೆ ಕಳುಹಿಸಿ, ರೋಗಿಯು ಉಸಿರಾಡುವ ಮನೆಯನ್ನೂ ಬೀದಿಯನ್ನೂ ಅವನಿಗೆ ತೋರಿಸಬೇಕು.