ಒಂದನೇ ಕೃಷ್ಣ, ಎರಡನೇ ಕೃಷ್ಣ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸೀಮೆಯಲ್ಲಿ ಊರ ಜಾತ್ರೆಗೋ ಹಬ್ಬಕ್ಕೋ ‘ಕುರುಕ್ಷೇತ್ರ’ ಗೊತ್ತಾದಾಗ ಹಂಚುವ ಕರಪತ್ರವನ್ನು ನಮ್ಮ ರಂಗಭೂಮಿಯ ಚರಿತ್ರೆ ಬರೆದವರು ದಾಖಲೆಯೆಂದು ಎಣಿಸಿದ್ದು ಕಡಿಮೆ. ಎಣಿಸಬೇಕಿತ್ತು. ಅದರಲ್ಲಿ ನಾಟಕ ಬರೆದವರ ಹೆಸರು ಮೂಲೆಯಲ್ಲೆಲ್ಲೋ ಇರುತ್ತದೆ, ಇಲ್ಲದೆಯೂ ಇರುತ್ತದೆ. ದಪ್ಪಕ್ಷರದಲ್ಲಿ ಇರುವುದು ಕಲಿಸಿದ ಹಾರ್ಮೋನಿಯಂ ಮೇಷ್ಟ್ರ ಹೆಸರು, ಡ್ರಾಮಾ ಸೀನರಿಯವರ ಹೆಸರು, ಆಮೇಲೆ ಪಾತ್ರವರ್ಗ. ಅಲ್ಲಿ ಒಂದನೇ ಕೃಷ್ಣ, ಎರಡನೇ ಕೃಷ್ಣ, ಒಂದನೇ ದುರ್ಯೋಧನ, ಎರಡನೇ ದುರ್ಯೋಧನ ಎಂದು ಒಂದೇ ಪಾತ್ರಕ್ಕೆ ಇಬ್ಬರು ಮೂವರು. ಇದನ್ನು ಕಂಡು ನಗುವ ಪೇಟೆಯವರುಂಟು. ಆದರೆ ಹೊಸ ಕಿರುನಾಟಕ ಈ ಹಳ್ಳಿಗಳ ರಂಗಕ್ಕೆ ಏಕೆ ಏರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಇರುವುದು ಈ ಪಟ್ಟಿಯಲ್ಲೇ. ಹಳ್ಳಿಯವರ ಅಭಿರುಚಿಯ ಮೇಲೆ ನಾವು ಹೊರಿಸುತ್ತ ಬಂದ ತಪ್ಪಿನಲ್ಲಿ ಹೆಚ್ಚಿನ ಪಾಲು ನಾಟಕಗಳನ್ನು ಶಿಫಾರಸು ಮಾಡಿದವರದು. ಅವರು ಓದುಗನ ಕಿವಿಯಲ್ಲಿ ಮಾತಾಡಿದರು, ನಾಟಕ ಕಟ್ಟುವವನ ಲೆಕ್ಕದ ಪುಸ್ತಕ ತೆರೆದು ನೋಡಲಿಲ್ಲ.

ಬೆಂಗಳೂರಿನಲ್ಲಿ ಏಕಾಂಕ ನೆಲೆಯೂರಿದ ಕಾಲವನ್ನು ನೋಡಿ. 1909ರಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿತು. 1918ರ ಹೊತ್ತಿಗೆ ಕೈಲಾಸಂ ಅವರ ‘ಟೊಳ್ಳುಗಟ್ಟಿ’ ಬಂತು. 1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ‘ಪ್ರಬುದ್ಧ ಕರ್ನಾಟಕ’ ಹೊರಟಿತು. ಆಡುವ ಸಂಘ, ಬರೆಯುವ ನಾಟಕಕಾರ, ಅಚ್ಚಿನ ಪತ್ರಿಕೆ ಮೂರೂ ಹತ್ತು ವರ್ಷದೊಳಗೆ ಒಂದೇ ಊರಲ್ಲಿ ಕೂಡಿಬಂದದ್ದು ಸಣ್ಣ ಸಂಗತಿಯಲ್ಲ. ಹೊಸ ನಾಟಕಕ್ಕೆ ಅಲ್ಲಿಂದ ಸಿಕ್ಕ ಶಿಫಾರಸಿನ ದಾರಿಗಳು ವಿಮರ್ಶೆ, ಸ್ಪರ್ಧೆ, ಮುನ್ನುಡಿ. ಈ ಮೂರೂ ಕೇಳಿದ್ದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳನ್ನು: ಭಾಷೆ ಹೊಸದೇ, ಹಾಸ್ಯ ಮೊನಚೇ, ಸಮಾಜದ ಹುಳುಕು ಬಯಲಾಯಿತೇ? ಕೈಲಾಸಂ ಬಾಯಲ್ಲಿ ಹೇಳಿ ಗೆಳೆಯರ ಕೈಯಲ್ಲಿ ಬರೆಸಿದ ನಾಟಕಗಳಿಗೆ ಈ ಪ್ರಶ್ನೆಗಳಲ್ಲಿ ಪೂರ್ಣಾಂಕ ಸಿಕ್ಕಿದ್ದು ನ್ಯಾಯವೇ. ಆದರೆ ಆ ಮಾತು ಇಂಗ್ಲಿಷು ಬೆರೆತ ಬೆಂಗಳೂರು ವಠಾರದ ಮಾತು. ಕನ್ನಡ ತೆಲುಗು ಎರಡೂ ಮನೆಮಾತಾದ ಹೊಸಕೋಟೆ, ದೇವನಹಳ್ಳಿಯ ಕಡೆ ಆ ಹಾಸ್ಯದ ಅರ್ಧಪಾಲು ಗುರಿ ತಪ್ಪುತ್ತಿತ್ತು. ಇದನ್ನು ಯಾವ ವಿಮರ್ಶಕನೂ ಹೇಳಬೇಕಾದ ಪ್ರಮೇಯ ಬರಲಿಲ್ಲ, ಯಾಕೆಂದರೆ ಓದುವವರು ಬೆಂಗಳೂರು, ಮೈಸೂರಿನವರು.

ಮೂವತ್ತು ನಲವತ್ತು ಕಿಲೋಮೀಟರು ಆಚೆ ಇದ್ದ ಏರ್ಪಾಡೇ ಬೇರೆ. ಅಲ್ಲಿ ಮೊದಲು ಮೂಡಲಪಾಯದ ಬಯಲಾಟವಿತ್ತು, ಮೂಡಲ ಅಂಚಿನಲ್ಲಿ ಕೇಳಿಕೆಯಿತ್ತು. ಭಾಗವತ ಕಲಿಸಿದ್ದನ್ನು ಬೇಸಾಯಗಾರರು ರಾತ್ರಿ ಕುಣಿಯುತ್ತಿದ್ದರು. ಅದರ ಮೇಲೆ ಕಂಪನಿ ನಾಟಕದ ಬಣ್ಣ ಬಿದ್ದಿತು. 1884ರಲ್ಲಿ ಶುರುವಾದ ಗುಬ್ಬಿಯ ಚೆನ್ನಬಸವೇಶ್ವರ ನಾಟಕ ಕಂಪನಿ ನೆಲಮಂಗಲದಿಂದ ತುಮಕೂರು ರಸ್ತೆ ಹಿಡಿದರೆ ದೂರದ್ದೇನಲ್ಲ. ಆ ಕಂಪನಿ 1934ರಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಆನೆ ಕುದುರೆಗಳ ಸಮೇತ ರಂಗಕ್ಕೆ ತಂದಾಗ ಹಳೇ ಮೈಸೂರಿನ ಹಳ್ಳಿಗೆ ಒಂದು ಮಾದರಿ ಸಿಕ್ಕಿತು. ಆನೆ ತರಲಾಗದು ನಿಜ. ಆದರೆ ಪರದೆ, ಕಿರೀಟ, ಗದೆ ಬಾಡಿಗೆಗೆ ಸಿಗುತ್ತವೆ, ಹಾಡಿನ ಮಟ್ಟು ಮೇಷ್ಟ್ರಿಗೆ ಗೊತ್ತಿರುತ್ತದೆ. ಮೇಷ್ಟ್ರು ಊರಿಗೆ ಬಂದು ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಸುತ್ತಾರೆ. ಅವರ ಸಂಭಾವನೆ, ಸೀನರಿ ಬಾಡಿಗೆ, ಹೊರಗಿಂದ ಕರೆಸುವ ಸ್ತ್ರೀ ಪಾತ್ರಧಾರಿಗಳ ಹಣ, ಶಾಮಿಯಾನ, ಮೈಕು ಎಲ್ಲವೂ ಪಾತ್ರ ವಹಿಸಿದವರ ಜೇಬಿನಿಂದಲೇ ಬರಬೇಕು. ಕೃಷ್ಣನಿಗೆ ಒಂದು ದರ, ದುರ್ಯೋಧನನಿಗೆ ಒಂದು, ನಕುಲನಿಗೆ ಅದರ ಕೆಳಗೊಂದು. ನೋಡುವವರಿಗೆ ಟಿಕೆಟಿಲ್ಲ. ಒಂದೇ ಪಾತ್ರಕ್ಕೆ ಇಬ್ಬರು ಆಸೆಪಟ್ಟರೆ ರಾತ್ರಿಯನ್ನೇ ಎರಡು ಭಾಗ ಮಾಡಿ ಇಬ್ಬರಿಗೂ ಹಂಚುತ್ತಾರೆ. ಎರಡನೇ ಕೃಷ್ಣ ಹುಟ್ಟಿದ್ದು ಹೀಗೆ.

ಈ ಲೆಕ್ಕ ಗೊತ್ತಾದ ಮೇಲೆ ಏಕಾಂಕದ ಕಥೆ ತಾನಾಗಿಯೇ ತಿಳಿಯುತ್ತದೆ. ನಾಲ್ಕೈದು ಪಾತ್ರದ, ಮುಕ್ಕಾಲು ಗಂಟೆಯ ನಾಟಕವೆಂದರೆ ಖರ್ಚು ಹೊರುವವರು ನಾಲ್ಕೈದೇ ಜನ. ಮೇಷ್ಟ್ರಿಗೆ, ಸೀನರಿಯವರಿಗೆ ಕೊಡುವುದು ಅದಕ್ಕೆ ತಕ್ಕಂತೆ ಇಳಿಯುವುದಿಲ್ಲ. ಹಾಡಿಲ್ಲದ ನಾಟಕವಾದರೆ ಮೇಷ್ಟ್ರಿಗೆ ಕೆಲಸವೇ ಇಲ್ಲ. ಈ ಸೀಮೆಯಲ್ಲಿ ಯಾವ ನಾಟಕ ಆಡಬೇಕೆಂದು ಮೊದಲು ಸೂಚಿಸುವವರೇ ಅವರು. ಜಾತ್ರೆಗೆಂದು ದೂರದ ಊರುಗಳಿಂದ ಬಂದ ನೆಂಟರು ಬೆಳಗಿನ ತನಕ ಕೂತು ಮೊದಲ ಬಸ್ಸಿಗೆ ಹೊರಡುವವರು. ರಾತ್ರಿ ಹತ್ತಕ್ಕೆ ಮುಗಿಯುವ ನಾಟಕ ಅವರನ್ನು ಎಲ್ಲಿ ಮಲಗಿಸಬೇಕು? ಪ್ರಶ್ನೆ ಹಾಸ್ಯದ್ದಲ್ಲ. ಇಂಗ್ಲೆಂಡಿನಲ್ಲಿ 1919ರಲ್ಲಿ ಹುಟ್ಟಿದ ಬ್ರಿಟಿಷ್ ಡ್ರಾಮಾ ಲೀಗ್ ಹಳ್ಳಿ, ಪಟ್ಟಣದ ಹವ್ಯಾಸಿಗಳಿಗೆ ನಾಟಕದ ಪ್ರತಿಗಳನ್ನು ಎರವಲು ಕೊಡುತ್ತಿತ್ತು. ಆ ದೇಶದ ನಾಟಕ ಪ್ರಕಾಶಕರ ಪಟ್ಟಿಗಳಲ್ಲಿ ಪ್ರತಿ ನಾಟಕದ ಮುಂದೆ ಗಂಡು ಪಾತ್ರ ಇಷ್ಟು, ಹೆಣ್ಣು ಪಾತ್ರ ಇಷ್ಟು, ದೃಶ್ಯಸಜ್ಜೆ ಒಂದೋ ಎರಡೋ ಎಂದು ಬರೆಯುವುದು ರೂಢಿ. ಸಾಹಿತ್ಯದ ಹೊಗಳಿಕೆಗಿಂತ ಆ ಒಣ ಸಾಲುಗಳೇ ಆಡುವವರಿಗೆ ಬೇಕಾದವು. ನಮ್ಮ ಸಾಪ್ತಾಹಿಕಗಳ ಪುಸ್ತಕ ಪರಿಚಯದಲ್ಲಿ ಅಂಥ ಒಂದು ಸಾಲು ಹುಡುಕಿ ನೋಡಿ.

ಇದೆಲ್ಲ ಹಣದ ಮಾತಾಯಿತು, ಹಳ್ಳಿಯವರಿಗೆ ಬೇಕಾದದ್ದು ಭಕ್ತಿ, ಪುರಾಣ ಬಿಟ್ಟು ಅವರು ಬೇರೇನನ್ನೂ ಒಪ್ಪುವುದಿಲ್ಲ ಎಂಬುದು ಬಹುಕಾಲದ ಆಕ್ಷೇಪ. ಅದನ್ನು ತಳ್ಳಿಹಾಕಲು ದೂರ ಹೋಗಬೇಕಿಲ್ಲ. 1975ರಲ್ಲಿ ಹುಟ್ಟಿದ ಸಮುದಾಯ ತಂಡ ಬಿಹಾರದ ದಲಿತರ ಹತ್ಯೆಯನ್ನು ಕುರಿತ ‘ಬೆಲ್ಚಿ’ ಬೀದಿನಾಟಕವನ್ನು ಸಿ.ಜಿ. ಕೃಷ್ಣಸ್ವಾಮಿಯವರ ನಿರ್ದೇಶನದಲ್ಲಿ ಕಟ್ಟಿತು, 1979ರಲ್ಲಿ ನಾಡಿನುದ್ದಕ್ಕೂ ಜಾಥಾ ಹೊರಟಿತು. ದೇವರಿಲ್ಲ, ಕಿರೀಟವಿಲ್ಲ, ಪರದೆಯಿಲ್ಲ, ಆದರೂ ಜನ ನಿಂತು ನೋಡಿದರು. 1990ರ ಭಾರತ ಜ್ಞಾನ ವಿಜ್ಞಾನ ಜಾಥಾ, ಅದರ ಬೆನ್ನಿಗೆ ಸಾಕ್ಷರತಾ ಆಂದೋಲನದ ಕಲಾಜಾಥಾಗಳು ಊರೂರಿನ ಅರಳಿಕಟ್ಟೆಯ ಮುಂದೆ ಆಡಿದ್ದೆಲ್ಲ ಕಿರುನಾಟಕಗಳೇ. ಇಷ್ಟಾಗಿಯೂ ಆ ಜಾಥಾ ಹೊರಟುಹೋದ ಮೇಲೆ ಊರವರು ಅದೇ ನಾಟಕವನ್ನು ತಾವಾಗಿ ಎತ್ತಿಕೊಳ್ಳಲಿಲ್ಲವಲ್ಲ ಎಂದರೆ, ಹೌದು, ಹೆಚ್ಚಿನ ಕಡೆ ಎತ್ತಿಕೊಳ್ಳಲಿಲ್ಲ. ಅದೇ ನನ್ನ ವಾದಕ್ಕೆ ಬಲ. ಕಲಾಜಾಥಾಕ್ಕೆ ಖರ್ಚು ಕೊಟ್ಟದ್ದು ಸಂಘಟನೆ ಅಥವಾ ಸರ್ಕಾರ. ನೋಡುವ ಮನಸ್ಸಿತ್ತು, ಊರೇ ಆಡಬೇಕಾದಾಗ ಬೇಕಾಗುವ ವ್ಯವಸ್ಥೆಗೆ ಆ ನಾಟಕಗಳನ್ನು ಯಾರೂ ಹೊಂದಿಸಿಕೊಡಲಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಹಣ ಕೊಟ್ಟವನಿಗೆ ಪಾತ್ರ ಎಂದರೆ ಕಂಠವಿಲ್ಲದವನೂ ಕೃಷ್ಣನಾಗುತ್ತಾನೆ, ಬಡವ ಎಷ್ಟೇ ಒಳ್ಳೆಯ ನಟನಾದರೂ ದ್ವಾರಪಾಲಕನಾಗಿ ನಿಲ್ಲುತ್ತಾನೆ. ಇಂಥ ಪದ್ಧತಿಗೆ ಹೊಸ ನಾಟಕವನ್ನು ತಗ್ಗಿಸಬೇಕೇ? ದೋಷ ನಿಜ. ಜಮೀನಿದ್ದವನ ಕೈಗೆ ಗದೆ ಹೋಗುವುದರಲ್ಲಿ ಊರಿನ ಜಾತಿ ಲೆಕ್ಕವೂ ಸೇರಿಕೊಳ್ಳುತ್ತದೆ. ಆದರೆ ಕೈಯಿಂದ ಹಣ ಹಾಕಿ ಬಣ್ಣ ಹಚ್ಚುವುದು ಹಳ್ಳಿಯ ಕಾಯಿಲೆ ಎನ್ನುವವರು ಬೆಂಗಳೂರಿನ ಹವ್ಯಾಸಿ ಸಂಘಗಳನ್ನೂ ನೆನೆಯಬೇಕು. ವಕೀಲರು, ಅಧಿಕಾರಿಗಳು ಚಂದಾ ಕಟ್ಟಿ ಸದಸ್ಯರಾಗಿ ನಟಿಸಿದ್ದನ್ನೇ ಅಲ್ಲವೇ ನಾವು ಹವ್ಯಾಸಿ ರಂಗಭೂಮಿಯೆಂದು ಗೌರವದಿಂದ ಕರೆದದ್ದು? ರವೀಂದ್ರ ಕಲಾಕ್ಷೇತ್ರದ ಬಾಗಿಲು 1963ರಲ್ಲಿ ತೆರೆದ ಮೇಲೆ ಪೇಟೆಯ ನಾಟಕಕ್ಕೆ ಸರ್ಕಾರ ಕಟ್ಟಿಸಿದ ಮನೆ ಸಿಕ್ಕಿತು, ಮುಂದೆ ಅನುದಾನವೂ ಸಿಕ್ಕಿತು. ಹಳ್ಳಿಯ ನಾಟಕಕ್ಕೆ ಅನುದಾನ ಕೊಡುತ್ತ ಬಂದವನು ಎರಡನೇ ಕೃಷ್ಣ. ಅವನನ್ನು ಹೊರಗಿಟ್ಟು ಸುಧಾರಣೆ ಮಾಡಹೊರಟರೆ ಆ ಖರ್ಚನ್ನು ಯಾರು ಕೊಡುತ್ತಾರೆಂದು ಸುಧಾರಕರು ಮೊದಲು ಹೇಳಬೇಕು.

ಹಾಗಾದರೆ ಈ ಸೀಮೆಗೆ ಕಿರುನಾಟಕವನ್ನು ಸೂಚಿಸುವವನು ಏನು ಬರೆಯಬೇಕು? ಕುವೆಂಪು ಅವರ ‘ಸ್ಮಶಾನ ಕುರುಕ್ಷೇತ್ರಂ’ 1931ರದು. ಯುದ್ಧ ಮುಗಿದ ರಾತ್ರಿಯ ರಣರಂಗ ಅದರ ನೆಲೆ. ಅದರ ಕಾವ್ಯಗುಣದ ಬಗ್ಗೆ ಪುಟಗಟ್ಟಲೆ ಬಂದಿದೆ. ಆದರೆ ‘ಕುರುಕ್ಷೇತ್ರ’ಕ್ಕೆ ಬಾಡಿಗೆಗೆ ತಂದ ಅವೇ ಪರದೆ, ಅವೇ ಕಿರೀಟ ಇದಕ್ಕೂ ಆಗುತ್ತವೆ, ಇದನ್ನು ಸೇರಿಸಿಕೊಂಡರೆ ಪಾತ್ರಗಳು ಇಷ್ಟು ಹೆಚ್ಚುತ್ತವೆ, ಹಳಗನ್ನಡದ ಬಿಗಿಯಿರುವ ಈ ಮಾತಿಗೆ ತಾಲೀಮು ಇಷ್ಟು ದಿನ ಹೆಚ್ಚು ಬೇಕು ಎಂಬ ಮಾತು ಬರೆದದ್ದು ವಿರಳ. 1928ರ ‘ಜಲಗಾರ’ದಲ್ಲಿ ಶಿವನೇ ಕಸಗುಡಿಸುವವನ ರೂಪದಲ್ಲಿ ಬರುತ್ತಾನೆ, ಜಾತ್ರೆಯ ದಿನ ದೇವಸ್ಥಾನದ ಎದುರಿಗೇ ಆಡಬಹುದಾದ ನಾಟಕ, ಜಗಳಕ್ಕೂ ದಾರಿಯಾಗಬಹುದು, ಆ ಎಚ್ಚರಿಕೆಯನ್ನೂ ಶಿಫಾರಸು ಮಾಡುವವನೇ ಕೊಡಬೇಕು. ಲಂಕೇಶ, ಚಂದ್ರಶೇಖರ ಪಾಟೀಲರ ಅರವತ್ತು ಎಪ್ಪತ್ತರ ದಶಕದ ಅಸಂಗತ ನಾಟಕಗಳನ್ನು ಇಲ್ಲಿಗೆ ತರುವುದು ಕಷ್ಟವೆಂದೇ ನನ್ನ ಅಂದಾಜು. ಮೂರು ಜನ ಕುರ್ಚಿಯಲ್ಲಿ ಕೂತು ಮಾತಾಡುವುದಕ್ಕೆ ಯಾರೂ ಪಾಲು ಹಾಕಲಾರರು. ಅಂಥವಕ್ಕೆ ಹೊಸಕೋಟೆಯ ಹಾದಿಯ ನಿಂಬೆಕಾಯಿಪುರದಲ್ಲಿ ಜನಪದರು ಸಂಸ್ಥೆ ಕಟ್ಟಿಕೊಂಡಿರುವ ರಂಗಮಂದಿರದಂಥ ಜಾಗಗಳೇ ತಕ್ಕವು. ಉಳಿದಂತೆ ಒಂದೇ ರಾತ್ರಿಗೆ ಮೂರು ಕಿರುನಾಟಕ, ನಡುನಡುವೆ ಹಾಡು, ಒಟ್ಟು ಇಪ್ಪತ್ತು ಇಪ್ಪತ್ತೈದು ಪಾತ್ರ, ಮೂರರಲ್ಲೂ ನಟಿಸಬಲ್ಲ ಇಬ್ಬರು ಕಲಾವಿದೆಯರು ಎಂಬ ಲೆಕ್ಕ ಬರೆದುಕೊಟ್ಟರೆ ಹಾರ್ಮೋನಿಯಂ ಮೇಷ್ಟ್ರು ಪುಸ್ತಕ ಬಿಚ್ಚಿ ನೋಡಿಯಾರು. ಮೇಷ್ಟ್ರು ಒಪ್ಪಿದರೆ ಸೀನರಿಯವರು ಒಪ್ಪುತ್ತಾರೆ, ಆಮೇಲೆ ಪಾತ್ರ ಹಂಚುವ ಜಗಳ ಊರಿನವರದು.